ಒಂದು ನಿಮ್ಮೂರಲ್ಲಿ, ಒಂದು ನಮ್ಮೂರಲ್ಲಿ: ನೆರೆನಾಡುಗಳ ನಡುವಿನ ಮೊದಲ ಕ್ಲಬ್ ಫುಟ್ಬಾಲ್ ಪಂದ್ಯಾವಳಿಗಳು

(ಶಿಕಾರಿಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



1969ರ ಜನವರಿಯಲ್ಲಿ ಬ್ಯಾಂಕಾಕ್ ನಗರದಲ್ಲಿ ಏಷ್ಯಾದ ಚಾಂಪಿಯನ್ ಕ್ಲಬ್ಬುಗಳ ಫುಟ್ಬಾಲ್ ಪಂದ್ಯಾವಳಿ ನಡೆಯಿತು. ಇಸ್ರೇಲಿನಿಂದ ಮಕಾಬಿ ಟೆಲ್ ಅವೀವ್ ಬಂದಿತ್ತು. ದಕ್ಷಿಣ ಕೊರಿಯಾದಿಂದ ಯಾಂಗ್‌ಜಿ ಬಂದಿತ್ತು. ಅದು ಆ ದೇಶದ ಗುಪ್ತಚರ ಸಂಸ್ಥೆಯೇ ಕಟ್ಟಿದ ತಂಡ. ಜಪಾನಿನಿಂದ ಬಂದದ್ದು ಟೋಯೊ ಕೋಗ್ಯೊ, ಹಿರೋಶಿಮಾದ ಮೋಟಾರು ಕಾರ್ಖಾನೆಯ ತಂಡ. ಆ ಕಾರ್ಖಾನೆಯೇ ಇವತ್ತಿನ ಮಾಜ್ದಾ. ಭಾರತದ ಪರವಾಗಿ ಅಲ್ಲಿ ಆಡಿದ ತಂಡದ ಹೆಸರು ಮೈಸೂರು ರಾಜ್ಯ. ನಮ್ಮದೇ ರಾಜ್ಯ. ಕರ್ನಾಟಕ ಎಂಬ ಹೆಸರು ಬರುವುದಕ್ಕೆ ಆಗ ಇನ್ನೂ ಸುಮಾರು ಐದು ವರ್ಷ ಇತ್ತು.

ಮೈಸೂರು ತಂಡ ಸೆಮಿಫೈನಲ್ ತನಕ ಹೋಯಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಟೋಯೊ ಕೋಗ್ಯೊ ಎದುರು ಸೋತು ನಾಲ್ಕನೆಯದಾಗಿ ಮನೆಗೆ ಮರಳಿತು. ಫೈನಲ್‌ನಲ್ಲಿ ಮಕಾಬಿ ಒಂದೇ ಗೋಲಿನಿಂದ ಯಾಂಗ್‌ಜಿಯನ್ನು ಸೋಲಿಸಿತು. ಇಡೀ ಏಷ್ಯಾದಲ್ಲಿ ನಾಲ್ಕನೆಯ ಸ್ಥಾನ ಸಣ್ಣದಲ್ಲ. ಆದರೂ ನಮ್ಮ ಶಾಲೆಯ ಪುಸ್ತಕಗಳಲ್ಲಿ, ಜಿಲ್ಲಾ ಕ್ರೀಡಾಕೂಟಗಳ ಭಾಷಣಗಳಲ್ಲಿ ಈ ಸಂಗತಿ ಕಿವಿಗೆ ಬೀಳುವುದೇ ಇಲ್ಲ. ಇವತ್ತು ಇದನ್ನು ಮೊದಲು ಹೇಳಿದ್ದು ಅದಕ್ಕಾಗಿಯೇ. ಇಲ್ಲಿ ಕೂತಿರುವ ಮಕ್ಕಳಿಗೆ ಅದು ಗೊತ್ತಿರಬೇಕು.

ಕ್ಲಬ್ಬುಗಳ ಪಂದ್ಯಾವಳಿಗೆ ಒಂದು ರಾಜ್ಯದ ತಂಡ ಹೋದದ್ದು ಹೇಗೆ? ಆಗ ಭಾರತಕ್ಕೆ ರಾಷ್ಟ್ರೀಯ ಲೀಗ್ ಇರಲಿಲ್ಲ; ಅದು ಶುರುವಾದದ್ದು 1996ರಲ್ಲಿ. ದೇಶದ ಚಾಂಪಿಯನ್ ಯಾರು ಎಂದು ಯಾರಾದರೂ ಕೇಳಿದರೆ ತೋರಿಸಲು ನಮ್ಮಲ್ಲಿದ್ದದ್ದು ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ. 1967–68ರಲ್ಲಿ ಅದನ್ನು ಮೈಸೂರು ಗೆದ್ದಿತ್ತು. ಹಾಗಾಗಿ ಮೈಸೂರೇ ಹೋಯಿತು. ಮುಂದಿನ ವರ್ಷವೂ ಮೈಸೂರು ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದೆ 1946–47 ಮತ್ತು 1952–53ರಲ್ಲಿ ಗೆದ್ದಿತ್ತು. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಫುಟ್ಬಾಲ್ ಎಂದರೆ ಕಲ್ಕತ್ತ ಎನ್ನುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಹುಡುಗರು ಕಲ್ಕತ್ತಕ್ಕೆ ಹೀಗೆ ನಾಲ್ಕು ಸಲ ಉತ್ತರ ಕೊಟ್ಟಿದ್ದಾರೆ.

ಆದರೆ ಬ್ಯಾಂಕಾಕ್‌ನಲ್ಲಿ ಆಡಿ ಬಂದ ಮೇಲೆ ಏನಾಯಿತು? ಆ ತಂಡಗಳಲ್ಲಿ ಯಾವುದೂ ಬೆಂಗಳೂರಿಗೆ ಬರಲಿಲ್ಲ. ಪಂದ್ಯಾವಳಿಯೆಲ್ಲ ಒಂದೇ ಊರಿನಲ್ಲಿ ನಡೆದು ಮುಗಿಯುವಂಥದ್ದು. ಮಾರನೆಯ ವರ್ಷ ಟೆಹರಾನ್‌ಗೆ ಬಂಗಾಳ ಹೋಯಿತು, 1971ರಲ್ಲಿ ಪಂಜಾಬ್ ಪೊಲೀಸ್ ತಂಡ. 1971ರ ಫೈನಲ್‌ನಲ್ಲಿ ಇರಾಕಿನ ಪೊಲೀಸ್ ತಂಡ ಇಸ್ರೇಲಿನ ಕ್ಲಬ್ಬಿನ ಎದುರು ಆಡಲು ಒಪ್ಪಲಿಲ್ಲ. ಆ ಪಂದ್ಯಾವಳಿ ಅಲ್ಲಿಗೆ ನಿಂತುಹೋಯಿತು. ಅದು ಮತ್ತೆ ಎದ್ದದ್ದು 1985ರ ಹೊತ್ತಿಗೆ. ಒಂದು ಒಳ್ಳೆಯ ಆರಂಭ ಹೀಗೆ ಕೈತಪ್ಪಿದ್ದಕ್ಕೆ ಒಂದು ಕಾರಣ ಉಂಟು. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಅದನ್ನೇ. ನೆರೆಯವನು ನಮ್ಮ ಮೈದಾನಕ್ಕೆ ಬಂದು, ನಾವು ಅವನ ಮೈದಾನಕ್ಕೆ ಹೋಗಿ, ಸೋತವನಿಗೆ ಮುಂದಿನ ವರ್ಷ ಮತ್ತೆ ಅದೇ ಅವಕಾಶ ಇದ್ದಾಗ ಮಾತ್ರ ಆಟ ಒಂದು ಊರಿನಲ್ಲಿ ಬೇರು ಬಿಡುತ್ತದೆ. ಜಗತ್ತಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಕ್ಲಬ್ ಪಂದ್ಯಾವಳಿಗಳ ಚರಿತ್ರೆ ಹೇಳುವುದು ಅದನ್ನೇ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ಇಲ್ಲಿ ಹೋರಿ ಹಬ್ಬ ಶುರುವಾಗುತ್ತದೆ. ಶಿಕಾರಿಪುರದ ಹೋರಿ ಹಿರೇಕೆರೂರಿನ ಹಳ್ಳಿಗೆ ಹೋಗುತ್ತದೆ, ಹಾನಗಲ್ಲಿನದು ಸೊರಬಕ್ಕೆ ಬರುತ್ತದೆ. ಜಿಲ್ಲೆಯ ಗಡಿ ಯಾರಿಗೂ ಲೆಕ್ಕಕ್ಕಿಲ್ಲ. ಹೋರಿಗೆ ಹೆಸರುಂಟು, ಹಿಂದೆ ಅದರ ಅಭಿಮಾನಿಗಳ ದಂಡೇ ಉಂಟು. ಕೊಬ್ಬರಿ ಕೊಡದೆ ಅಖಾಡ ದಾಟಿದ ಹೋರಿಯ ಮಾತು ಮುಂದಿನ ದೀಪಾವಳಿಯ ತನಕ ನಡೆಯುತ್ತದೆ. ಇವತ್ತು ನೀವು ನಮ್ಮಲ್ಲಿಗೆ ಬಂದಿರಿ, ನಾಳೆ ನಾವು ನಿಮ್ಮಲ್ಲಿಗೆ ಬರುತ್ತೇವೆ ಎಂಬ ಒಪ್ಪಂದ ಎಲ್ಲೂ ಬರೆದಿಲ್ಲ, ಆದರೆ ತಪ್ಪುವುದೂ ಇಲ್ಲ. ಯೂರೋಪಿನಲ್ಲೂ ದಕ್ಷಿಣ ಅಮೆರಿಕದಲ್ಲೂ ಫುಟ್ಬಾಲ್ ಕ್ಲಬ್ಬುಗಳು ಮೊದಲ ಸಲ ಗಡಿ ದಾಟಿದ್ದು ಇಂಥ ಒಪ್ಪಂದದ ಮೇಲೆಯೇ.

ವಿಯೆನ್ನಾದಿಂದ ಶುರು ಮಾಡುತ್ತೇನೆ. 1894ರಲ್ಲಿ ಅಲ್ಲಿ ಎರಡು ಕ್ಲಬ್ಬುಗಳು ಹುಟ್ಟಿದವು. ಒಂದನ್ನು ಕಟ್ಟಿದವರಲ್ಲಿ ರಾಥ್‌ಶೀಲ್ಡ್ ಎಂಬ ಸಾಹುಕಾರನ ತೋಟದಲ್ಲಿ ಕೆಲಸಕ್ಕಿದ್ದ ಇಂಗ್ಲಿಷ್ ಮಾಲಿಗಳು ಇದ್ದರು. ಧಣಿಯ ಕುದುರೆ ಸವಾರರು ಹಾಕುತ್ತಿದ್ದ ನೀಲಿ ಹಳದಿ ಬಣ್ಣವೇ ಅವರ ಅಂಗಿಯ ಬಣ್ಣವಾಯಿತು. ಅದು ಫಸ್ಟ್ ವಿಯೆನ್ನಾ ಕ್ಲಬ್. ಇನ್ನೊಂದು ವಿಯೆನ್ನಾ ಕ್ರಿಕೆಟ್ ಮತ್ತು ಫುಟ್ಬಾಲ್ ಕ್ಲಬ್. ಅದರ ಪ್ರಮುಖರಲ್ಲಿ ಒಬ್ಬ ಜಾನ್ ಗ್ರಾಮ್ಲಿಕ್. 1897ರಲ್ಲಿ ಈತ ಒಂದು ಕಪ್ಪನ್ನು ಮುಂದಿಟ್ಟ. ಹೆಸರು ಚಾಲೆಂಜ್ ಕಪ್. ಮೊದಲು ವಿಯೆನ್ನಾದ ಕ್ಲಬ್ಬುಗಳೇ ಆಡಿದವು. ಆಮೇಲೆ ಬುಡಾಪೆಸ್ಟ್ ಸೇರಿತು, ಪ್ರಾಗ್ ಸೇರಿತು. ಮೂರೂ ಊರುಗಳು ಆಗ ಒಬ್ಬನೇ ಚಕ್ರವರ್ತಿಯ ಕೆಳಗೆ ಇದ್ದವು, ಆದರೆ ಹಂಗೆರಿಗೆ ತನ್ನದೇ ಸರ್ಕಾರ, ತನ್ನದೇ ಫುಟ್ಬಾಲ್ ಸಂಸ್ಥೆ. ಜೆಕ್ಕರಿಗೆ ತಮ್ಮದೇ ನುಡಿ, ತಮ್ಮದೇ ಹಟ. 1909ರಲ್ಲಿ ಬುಡಾಪೆಸ್ಟಿನ ಫೆರೆನ್ಸ್‌ವಾರೋಶ್ ಈ ಕಪ್ಪನ್ನು ಗೆದ್ದುಕೊಂಡು ಹೋಯಿತು. 1911ರಲ್ಲಿ ಕೊನೆಯ ಸಲ ಕಪ್ ಗೆದ್ದದ್ದು ವಿಯೆನ್ನಾದ ಸ್ಪೋರ್ಟ್ ಕ್ಲಬ್. ರೈಲಿನಲ್ಲಿ ಕೆಲವು ಗಂಟೆ ಪ್ರಯಾಣ ಮಾಡಿದರೆ ಇನ್ನೊಂದು ನುಡಿಯ ಊರಿನಲ್ಲಿ ಆಡಬಹುದು ಎಂಬುದನ್ನು ಈ ಹದಿನಾಲ್ಕು ವರ್ಷ ಆ ಮೂರು ನಗರಗಳಿಗೆ ಕಲಿಸಿಕೊಟ್ಟಿತು. ಇದರ ಫಲ ಮುಂದೆ ಸಿಕ್ಕಿತು, ಅದಕ್ಕೆ ಬರುತ್ತೇನೆ.

ಇದೇ ಹೊತ್ತಿಗೆ ಭೂಮಿಯ ಆ ಬದಿಯಲ್ಲಿ, ಪ್ಲೇಟ್ ನದಿಯ ಎರಡು ದಡಗಳಲ್ಲಿ, ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ಎದುರುಬದುರಾಗಿ ಆಡತೊಡಗಿದ್ದವು. ಒಂದು ಅರ್ಜೆಂಟೀನಾದ ರಾಜಧಾನಿ, ಇನ್ನೊಂದು ಉರುಗ್ವೆಯದು. ನಡುವೆ ಇರುವುದು ನದಿಯ ಮುಖ. ಆಚೆ ದಡ ಕಾಣದಷ್ಟು ಅಗಲ. ಸಂಜೆ ಹಬೆಯ ಹಡಗು ಹತ್ತಿದರೆ ಬೆಳಗಾಗುವಷ್ಟರಲ್ಲಿ ಇನ್ನೊಂದು ದೇಶ. 1900ರಲ್ಲಿ ಅರ್ಜೆಂಟೀನಾದ ಫುಟ್ಬಾಲ್ ಲೀಗಿನ ಅಧ್ಯಕ್ಷರಾಗಿದ್ದ ಷೆವಲಿಯೆ ಬೂಟೆಲ್ ಎಂಬವರು ಒಂದು ಕಪ್ ಕೊಟ್ಟರು. ಎರಡು ರಾಜಧಾನಿಗಳ ಕ್ಲಬ್ಬುಗಳು, ಜೊತೆಗೆ ರೊಸಾರಿಯೊ ಊರಿನ ಕ್ಲಬ್ಬುಗಳು ಅದಕ್ಕಾಗಿ ಆಡಬೇಕು. ಸೋತವರು ಅಲ್ಲಿಗೇ ಹೊರಗೆ. ಮೊದಲ ವರ್ಷ ಗೆದ್ದದ್ದು ಬೆಲ್‌ಗ್ರಾನೊ ಅಥ್ಲೆಟಿಕ್ ಕ್ಲಬ್. ಈ ಕಪ್ 1919ರ ತನಕ ನಡೆಯಿತು.

ಆಗ ಆಡುತ್ತಿದ್ದವರ ಹೆಸರುಗಳನ್ನು ನೋಡಿದರೆ ಹೆಚ್ಚಿನವು ಇಂಗ್ಲಿಷ್ ಹೆಸರುಗಳು. ರೈಲ್ವೆ ಹಾಕಲು, ಬ್ಯಾಂಕು ನಡೆಸಲು, ಶಾಲೆ ಕಲಿಸಲು ಬಂದವರ ಮಕ್ಕಳು. ಅಲುಮ್ನಿ ಎಂಬ ಪ್ರಸಿದ್ಧ ತಂಡ ಬೆಳೆದದ್ದು ಒಂದು ಇಂಗ್ಲಿಷ್ ಹೈಸ್ಕೂಲಿನಿಂದ. ಉರುಗ್ವೆಯ ದೊಡ್ಡ ತಂಡ ಸೆಂಟ್ರಲ್ ಉರುಗ್ವೆ ರೈಲ್ವೆ ಕ್ರಿಕೆಟ್ ಕ್ಲಬ್, 1891ರಲ್ಲಿ ರೈಲ್ವೆಯವರೇ ಕಟ್ಟಿದ್ದು. ಅದರ ಬೇರಿನಿಂದ ಬಂದದ್ದು ಇವತ್ತಿನ ಪೆನ್ಯಾರೋಲ್. ಆದರೆ ಅದೇ ಮಾಂಟೆವಿಡಿಯೊದಲ್ಲಿ 1899ರಲ್ಲಿ ಸ್ಥಳೀಯ ವಿದ್ಯಾರ್ಥಿಗಳು ನಾಸಿಯೊನಾಲ್ ಕ್ಲಬ್ ಕಟ್ಟಿದರು, ವಿದೇಶಿಯರ ಆಟದಲ್ಲಿ ನಮ್ಮದೂ ಒಂದು ತಂಡ ಇರಲಿ ಎಂದು. 1916ರಲ್ಲಿ ಎರಡು ದೇಶಗಳ ಚಾಂಪಿಯನ್ನರು ಎದುರಾಗುವ ಇನ್ನೊಂದು ಕಪ್ಪನ್ನು ಇದೇ ನಾಸಿಯೊನಾಲ್, ಅರ್ಜೆಂಟೀನಾದ ರಾಸಿಂಗ್ ಕ್ಲಬ್ಬನ್ನು ಸೋಲಿಸಿ ಗೆದ್ದಿತು. ಹದಿನಾರೇ ವರ್ಷಗಳಲ್ಲಿ ಆಟ ಸಾಹೇಬರ ಕೈಯಿಂದ ಊರ ಹುಡುಗರ ಕೈಗೆ ಬಂತು. ವರ್ಷವರ್ಷವೂ ನದಿ ದಾಟಿ ಹೋಗಿ ಬಂದು, ಸೋತು, ಮತ್ತೆ ಹೋಗಿ ಬಂದದ್ದರಿಂದಲೇ ಇದು ಇಷ್ಟು ಬೇಗ ಆಯಿತು ಎಂದು ನಾನು ನಂಬುತ್ತೇನೆ. 1930ರ ಮೊದಲ ವಿಶ್ವಕಪ್ಪಿನ ಫೈನಲ್‌ನಲ್ಲಿ ಎದುರಾದವರು ಉರುಗ್ವೆ ಮತ್ತು ಅರ್ಜೆಂಟೀನಾ. ಆ ಫೈನಲ್‌ನ ಬೀಜ ಇದ್ದದ್ದು ಈ ಹಡಗಿನ ಪ್ರಯಾಣಗಳಲ್ಲಿ.

ಇನ್ನೂ ಎರಡನ್ನು ಹೆಸರಿಸಿ ಮುಂದೆ ಹೋಗುತ್ತೇನೆ. 1900ರಲ್ಲಿ ಬ್ರಸೆಲ್ಸ್ ನಗರದಲ್ಲಿ ವಾನ್ ಡೆರ್ ಸ್ಟ್ರಾಟೆನ್ ಪಾಂಥೋಜ್ ಎಂಬ ಶ್ರೀಮಂತನ ಹೆಸರಿನ ಕಪ್ಪಿಗೆ ಬೆಲ್ಜಿಯಂ, ಹಾಲೆಂಡ್, ಸ್ವಿಟ್ಜರ್ಲೆಂಡ್ ಕ್ಲಬ್ಬುಗಳು ಆಡಿದವು. ಆಂಸ್ಟರ್‌ಡ್ಯಾಮಿನ ರಾಪ್ ಕ್ಲಬ್ ಗೆದ್ದಿತು. 1910ರಿಂದ 1914ರ ತನಕ ಪಿರಿನೀಸ್ ಬೆಟ್ಟಸಾಲಿನ ಎರಡು ಬದಿಯ ಕ್ಲಬ್ಬುಗಳು, ಅಂದರೆ ದಕ್ಷಿಣ ಫ್ರಾನ್ಸಿನವು ಮತ್ತು ಸ್ಪೇನಿನ ಕ್ಯಾಟಲೋನಿಯಾ, ಬಾಸ್ಕ್ ಸೀಮೆಯವು, ಒಂದು ಕಪ್ಪಿಗಾಗಿ ಆಡಿದವು. ಮೊದಲ ನಾಲ್ಕು ವರ್ಷವೂ ಗೆದ್ದದ್ದು ಬಾರ್ಸಿಲೋನಾ. ಮಕ್ಕಳೇ, ನಿಮ್ಮಲ್ಲಿ ಹಲವರು ಹಾಕಿಕೊಂಡಿರುವ ಅಂಗಿಯ ಮೇಲೆ ಹೆಸರಿರುವ ಅದೇ ಬಾರ್ಸಿಲೋನಾ. ಅದು ಮೊದಲು ಗೆದ್ದ ಅಂತರರಾಷ್ಟ್ರೀಯ ಕಪ್ ಬೆಟ್ಟದಾಚೆಯ ನೆರೆಯವರ ಜೊತೆ ಆಡಿದ್ದು. 1914ರಲ್ಲಿ ಮಹಾಯುದ್ಧ ಬಂತು, ಕಪ್ ನಿಂತಿತು.

ಈಗ ಹ್ಯೂಗೋ ಮೈಸ್ಲ್ ಎಂಬ ಮನುಷ್ಯನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಂದಿನ ವಿಷಯದ ಹೃದಯ ಈತನ ಕೆಲಸದಲ್ಲಿದೆ. 1881ರಲ್ಲಿ ಬೊಹೆಮಿಯಾದ ಯಹೂದಿ ಮನೆತನದಲ್ಲಿ ಹುಟ್ಟಿದವರು. ವಿಯೆನ್ನಾಕ್ಕೆ ಬಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಹಲವು ನುಡಿ ಬಲ್ಲವರು. ಹುಡುಗನಾಗಿದ್ದಾಗ ಆಡಿದ್ದು ಗ್ರಾಮ್ಲಿಕ್ ಅವರ ಅದೇ ಕ್ರಿಕೆಟ್ ಮತ್ತು ಫುಟ್ಬಾಲ್ ಕ್ಲಬ್ಬಿಗೆ. ಆಮೇಲೆ ರೆಫರಿ ಆದರು, ಆಸ್ಟ್ರಿಯಾ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ರಾಷ್ಟ್ರೀಯ ತಂಡವನ್ನೂ ಕಟ್ಟಿದರು.

1918ರಲ್ಲಿ ಸಾಮ್ರಾಜ್ಯ ಒಡೆದು ಹೋಯಿತು. ನಿನ್ನೆಯ ತನಕ ಒಂದೇ ನಕಾಶೆಯೊಳಗಿದ್ದ ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್ ಮೂರು ದೇಶಗಳ ರಾಜಧಾನಿಗಳಾದವು. ಹಂಗೆರಿಗೂ ಜೆಕೊಸ್ಲೊವಾಕಿಯಾಕ್ಕೂ 1919ರಲ್ಲಿ ಯುದ್ಧವೇ ನಡೆಯಿತು. ಪಾಸ್‌ಪೋರ್ಟು ಬಂತು, ಸುಂಕದ ಕಟ್ಟೆ ಬಂತು, ನಾಣ್ಯ ಬೇರೆಯಾಯಿತು. 1924ರಿಂದ 1926ರೊಳಗೆ ಮೂರೂ ದೇಶಗಳಲ್ಲಿ ಫುಟ್ಬಾಲ್ ವೃತ್ತಿಯಾಯಿತು; ಆಟಗಾರರಿಗೆ ಸಂಬಳ ಕೊಡಬೇಕು, ಹಣ ಎಲ್ಲಿಂದ ತರುವುದು? ಊರೊಳಗಿನ ಲೀಗ್ ಸಾಲದು. ಮೈಸ್ಲ್ ಆಗ ಮುಂದಿಟ್ಟದ್ದು ಮಿತ್ರೊಪಾ ಕಪ್, ಮಧ್ಯ ಯೂರೋಪಿನ ಕ್ಲಬ್ಬುಗಳ ಕಪ್. 1927ರ ಜುಲೈನಲ್ಲಿ ವೆನಿಸ್‌ನಲ್ಲಿ ಸೇರಿ ಒಪ್ಪಿದರು. ಆಗಸ್ಟಿನಲ್ಲಿ ಆಟ ಶುರು. ಆಸ್ಟ್ರಿಯಾ, ಹಂಗೆರಿ, ಜೆಕೊಸ್ಲೊವಾಕಿಯಾ, ಯುಗೋಸ್ಲಾವಿಯಾ; ದೇಶಕ್ಕೆ ಎರಡರಂತೆ ಎಂಟು ಕ್ಲಬ್ಬುಗಳು.

ಪ್ರತಿ ಸುತ್ತಿನಲ್ಲೂ ಎರಡು ಪಂದ್ಯ. ಒಂದು ನಿಮ್ಮೂರಲ್ಲಿ, ಒಂದು ನಮ್ಮೂರಲ್ಲಿ. ಎರಡರ ಗೋಲು ಕೂಡಿಸಿ ಫಲಿತಾಂಶ. ರೆಫರಿ ಮೂರನೆಯ ದೇಶದವನು. ಇವತ್ತು ಚಾಂಪಿಯನ್ಸ್ ಲೀಗ್ ನೋಡುವವರಿಗೆ ಇದು ಸಾಮಾನ್ಯ ಸಂಗತಿ ಎನಿಸುತ್ತದೆ. ಗಡಿಯಲ್ಲಿ ಇನ್ನೂ ನೆತ್ತರು ಆರದ ಕಾಲದಲ್ಲಿ ಅದು ಸಾಮಾನ್ಯ ಮಾತಾಗಿರಲಿಲ್ಲ. ನಿನ್ನ ಜನರ ಕೂಗಿನ ನಡುವೆ ನಾನು ಆಡುತ್ತೇನೆ, ನನ್ನ ಜನರ ಕೂಗಿನ ನಡುವೆ ನೀನು ಆಡು ಎಂದು ಇಬ್ಬರೂ ಒಪ್ಪಬೇಕಿತ್ತು. ಮೊದಲ ಫೈನಲ್‌ನಲ್ಲಿ ಪ್ರಾಗಿನ ಸ್ಪಾರ್ಟಾ ತನ್ನ ಊರಿನಲ್ಲಿ ವಿಯೆನ್ನಾದ ರಾಪಿಡ್ ತಂಡವನ್ನು 6–2ರಿಂದ ಸೋಲಿಸಿತು. ವಿಯೆನ್ನಾದಲ್ಲಿ 1–2ರಿಂದ ಸೋತರೂ ಕಪ್ ಅವರದಾಯಿತು. ಮಾರನೆಯ ವರ್ಷ ಫೆರೆನ್ಸ್‌ವಾರೋಶ್. 1929ರಲ್ಲಿ ಯುಗೋಸ್ಲಾವಿಯಾದ ಜಾಗಕ್ಕೆ ಇಟಲಿ ಬಂತು. 1933ರ ಫೈನಲ್‌ನಲ್ಲಿ ಆಸ್ಟ್ರಿಯಾ ವಿಯೆನ್ನಾ ತಂಡ ಮಿಲಾನಿನಲ್ಲಿ 1–2ರಿಂದ ಸೋತು ಬಂದು, ತನ್ನ ಊರಿನಲ್ಲಿ 3–1ರಿಂದ ಗೆದ್ದಿತು. ಮೂರು ಗೋಲೂ ಮತ್ತಿಯಾಸ್ ಸಿಂಡೆಲಾರ್ ಹೊಡೆದದ್ದು. ಎರಡನೆಯ ಪಂದ್ಯ ಇಲ್ಲದಿದ್ದರೆ ಆ ಮೂರು ಗೋಲುಗಳೂ ಇರುತ್ತಿರಲಿಲ್ಲ.

ಜಗಳ ಆಗಲಿಲ್ಲವೇ ಎಂದರೆ, ಆಯಿತು. 1932ರ ಸೆಮಿಫೈನಲ್‌ನಲ್ಲಿ ಪ್ರಾಗಿನ ಸ್ಲಾವಿಯಾ ತನ್ನೂರಿನಲ್ಲಿ ಯುವೆಂಟಸ್ ತಂಡವನ್ನು 4–0ರಿಂದ ಸೋಲಿಸಿತು. ಟುರಿನ್‌ನಲ್ಲಿ ಎರಡನೆಯ ಪಂದ್ಯ ನಡೆಯುವಾಗ ಪ್ರೇಕ್ಷಕರ ಕಡೆಯಿಂದ ಬಂದ ಕಲ್ಲು ಸ್ಲಾವಿಯಾದ ಗೋಲ್‌ಕೀಪರ್ ಪ್ಲಾನಿಚ್ಕಾಗೆ ತಗುಲಿತು. ಅವರ ತಂಡ ಮೈದಾನ ಬಿಟ್ಟು ಹೊರಟಿತು. ಎರಡೂ ತಂಡಗಳನ್ನು ಕೂಟದಿಂದ ತೆಗೆದು ಹಾಕಿದರು. ಇನ್ನೊಂದು ಬದಿಯಲ್ಲಿ ಗೆದ್ದು ಬಂದಿದ್ದ ಬೊಲೋನ್ಯಾಗೆ ಫೈನಲ್ ಆಡದೆಯೇ ಕಪ್ ಸಿಕ್ಕಿತು. 1937ರಲ್ಲಿ ಆಡ್ಮಿರಾ ಮತ್ತು ಜೆನೋವಾ ತಂಡಗಳು ವಿಯೆನ್ನಾದಲ್ಲಿ ಹೊಡೆದಾಡಿಕೊಂಡ ಮೇಲೆ ಇಟಲಿಯ ಸರ್ಕಾರವೇ ತನ್ನ ನೆಲದ ಎರಡನೆಯ ಪಂದ್ಯವನ್ನು ನಿಷೇಧಿಸಿತು. ಇವುಗಳನ್ನು ಮುಚ್ಚಿಡಬೇಕಾಗಿಲ್ಲ. ಇಷ್ಟೆಲ್ಲ ಆದರೂ ಮುಂದಿನ ಬೇಸಿಗೆಯಲ್ಲಿ ಅವರು ಮತ್ತೆ ಬರುತ್ತಿದ್ದರು ಎಂಬುದನ್ನು ಗಮನಿಸಿ. ಕಲ್ಲೇಟಿನಿಂದ ಈ ಕಪ್ ಸಾಯಲಿಲ್ಲ.

ಸಾಯಿಸಿದ್ದು ಬೇರೆ. ಮೈಸ್ಲ್ 1937ರ ಫೆಬ್ರವರಿಯಲ್ಲಿ ತೀರಿಕೊಂಡರು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಕಪ್ ಹುಟ್ಟಿದ ವಿಯೆನ್ನಾದ ಕ್ಲಬ್ಬುಗಳಿಗೆ ಆ ಕಪ್ಪಿನಲ್ಲಿ ಆಡುವ ಹಕ್ಕು ಹೋಯಿತು. ಯಹೂದಿಯರ ಹಾಕೋವಾ ಕ್ಲಬ್ಬನ್ನು ಮುಚ್ಚಿಸಿದರು. ಆಸ್ಟ್ರಿಯಾ ವಿಯೆನ್ನಾ ಕ್ಲಬ್ಬಿನ ಯಹೂದಿ ಅಧ್ಯಕ್ಷರು ಹುದ್ದೆ ಕಳೆದುಕೊಂಡು ದೇಶ ಬಿಟ್ಟರು. 1939ರ ಜನವರಿಯಲ್ಲಿ ಸಿಂಡೆಲಾರ್ ತನ್ನ ಗೆಳತಿಯ ಮನೆಯಲ್ಲಿ ವಿಷಗಾಳಿ ಕುಡಿದು ಸತ್ತಿದ್ದು ಕಂಡಿತು. 1940ರಲ್ಲೂ ಆಟ ನಡೆಸಲು ನೋಡಿದರು. ಬುಕಾರೆಸ್ಟಿನ ರಾಪಿಡ್ ತಂಡ ಜಾಗ್ರೆಬಿನ ತಂಡದೊಡನೆ ಮೂರು ಸಲ ಆಡಿಯೂ ಇತ್ಯರ್ಥವಾಗದೆ ಅದೃಷ್ಟದ ಮೇಲೆ ಫೈನಲ್‌ಗೆ ಬಂತು. ಎದುರಿಗೆ ಫೆರೆನ್ಸ್‌ವಾರೋಶ್. ಅಷ್ಟರಲ್ಲಿ ರುಮೇನಿಯಾದ ಟ್ರಾನ್ಸಿಲ್ವೇನಿಯಾದ ಉತ್ತರ ಭಾಗವನ್ನು ಹಂಗೆರಿಗೆ ಕೊಡಿಸಿದರು. ಆ ಎರಡು ದೇಶಗಳ ತಂಡಗಳು ಫೈನಲ್ ಆಡುವ ಮಾತೇ ಉಳಿಯಲಿಲ್ಲ. ಆ ವರ್ಷದ ಫೈನಲ್ ಇವತ್ತಿಗೂ ಆಡಿಲ್ಲ.

ಈ ಕಥೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ನಮ್ಮ ಉಪಖಂಡದ ಕಡೆಗೆ ತಿರುಗುತ್ತದೆ. ನಮ್ಮದೂ ಒಂದು ಸಾಮ್ರಾಜ್ಯ ಒಡೆದು ಆದ ನೆರೆಹೊರೆ. ನಮ್ಮಲ್ಲೂ ಅದಕ್ಕೆ ಮೊದಲೇ ಕ್ಲಬ್ಬುಗಳು ದೂರದೂರ ಹೋಗಿ ಆಡುವ ರೂಢಿ ಇತ್ತು. ಶಿಮ್ಲಾದ ಡ್ಯುರಾಂಡ್ ಕಪ್ 1888ರದು, ಕಲ್ಕತ್ತದ ಐಎಫ್ಎ ಶೀಲ್ಡ್ 1893ರದು. ಬೊಂಬಾಯಿಯ ರೋವರ್ಸ್ ಕಪ್ಪನ್ನು ಮೊದಲೆಲ್ಲ ಬ್ರಿಟಿಷ್ ಪಲ್ಟನುಗಳೇ ಹಂಚಿಕೊಳ್ಳುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಎದುರಾಳಿ ಯಾರೆಂದರೆ, ಆಗ ಕಲ್ಕತ್ತವನ್ನೇ ಆಳುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲಿ ಬೆಂಗಳೂರಿನವರು ಸ್ಕಾಟಿಷ್ ಪಲ್ಟನ್ನನ್ನು ಸೋಲಿಸಿ ಮತ್ತೆ ಗೆದ್ದರು. 1948ರಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಇನ್ನೊಮ್ಮೆ. ದಂಡು ಪ್ರದೇಶದ ಬೀದಿಗಳಲ್ಲಿ ಸೋಲ್ಜರುಗಳ ಆಟ ನೋಡಿ ಕಲಿತ ಹುಡುಗರು ಇವರು. ಅದೇ ಬೀದಿಗಳ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಎದುರು 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ರಾಮನ್ ಅವರದು. ಅದೇ ದಂಡು ಪ್ರದೇಶದ ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ.

ಇಷ್ಟೆಲ್ಲ ಇದ್ದ ನೆಲದಲ್ಲಿ, ದೇಶ ಒಡೆದ ಮೇಲೆ, ಒಂದು ಮಿತ್ರೊಪಾ ಹುಟ್ಟಲಿಲ್ಲ. ಮೈಸ್ಲ್ ಅವರಿಗೆ ಒಂಬತ್ತು ವರ್ಷ ಸಾಕಾಯಿತು. ನಮ್ಮಲ್ಲಿ ಅದಕ್ಕೆ ಹತ್ತಿರ ಬಂದದ್ದು ಢಾಕಾ. 1958ರಲ್ಲಿ ಅಲ್ಲಿ ಆಗಾ ಖಾನ್ ಗೋಲ್ಡ್ ಕಪ್ ಶುರುವಾಯಿತು; ಏಷ್ಯಾದ ಬೇರೆ ಬೇರೆ ದೇಶಗಳ ತಂಡಗಳನ್ನು ಕರೆಯುತ್ತಿದ್ದರು. 1960ರಲ್ಲಿ ಕಲ್ಕತ್ತದ ಮಹಮ್ಮಡನ್ ಸ್ಪೋರ್ಟಿಂಗ್ ಅಲ್ಲಿಗೆ ಹೋಗಿ ಇಂಡೊನೇಷ್ಯಾದ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಕಪ್ ತಂದಿತು. ಭಾರತದ ಕ್ಲಬ್ಬೊಂದು ಪರದೇಶದಲ್ಲಿ ಗೆದ್ದದ್ದು ಅದೇ ಮೊದಲು. ಆ ಪರದೇಶ ಹದಿಮೂರು ವರ್ಷದ ಹಿಂದೆ ಪರದೇಶವಾಗಿರಲಿಲ್ಲ. 1965ರಲ್ಲಿ ಯುದ್ಧ ಬಂತು. ಆಮೇಲಿನದು ನಿಮಗೆ ಗೊತ್ತು. ದಕ್ಷಿಣ ಏಷ್ಯಾದ ರಾಷ್ಟ್ರೀಯ ತಂಡಗಳ ಕಪ್ 1993ರಲ್ಲಿ ಲಾಹೋರಿನಲ್ಲಿ ಮೊದಲಾಯಿತು. ಕ್ಲಬ್ಬುಗಳಿಗೆ ಮಾತ್ರ ನೆರೆಮನೆಯ ಬಾಗಿಲು ಪೂರ್ತಿ ತೆರೆದಿರಲಿಲ್ಲ.

ಆ ಬಾಗಿಲು ಕರ್ನಾಟಕದ ಮಟ್ಟಿಗೆ ತೆರೆದದ್ದು 2015ರಲ್ಲಿ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ ಕ್ಲಬ್. 2015ರಲ್ಲಿ ಏಷ್ಯಾದ ಅರ್ಹತಾ ಪಂದ್ಯಕ್ಕೆ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್ ತಂಡದ ಊರಿಗೆ ಹೋಗಿ ಹೆಚ್ಚುವರಿ ಸಮಯದಲ್ಲಿ ಸೋತಿತು. ಏಷ್ಯಾದ ಕ್ಲಬ್ ಪಂದ್ಯಾವಳಿಯಾದ ಎಎಫ್‌ಸಿ ಕಪ್ಪಿನ 2016ರ ಗುಂಪಿನ ಹಂತದಲ್ಲಿ ಅದೇ ಜೊಹೋರ್ ಎದುರು ಎರಡೂ ಪಂದ್ಯ ಸೋತಿತು. ಹಾಂಗ್‌ಕಾಂಗಿನ ಕಿಚೀ, ಸಿಂಗಾಪುರದ ಟ್ಯಾಂಪಿನೆಸ್ ತಂಡಗಳನ್ನು ದಾಟಿ ಸೆಮಿಫೈನಲ್‌ಗೆ ಬಂದರೆ ಎದುರಿಗೆ ಮತ್ತೆ ಜೊಹೋರ್. ಹಿಂದಿನ ವರ್ಷದ ಚಾಂಪಿಯನ್. ಅವರ ಊರಿನಲ್ಲಿ 1–1. ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದ ಪಂದ್ಯದಲ್ಲಿ ಮೊದಲ ಗೋಲು ಹೊಡೆದದ್ದೂ ಜೊಹೋರ್ ತಂಡವೇ. ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು: 3–1. ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದಾಯಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡ 1–0ರಿಂದ ಗೆದ್ದು ಕಪ್ ಒಯ್ದಿತು.

ಆ ಮೂರು ಸೋಲುಗಳೇ ನನಗೆ ಗೆಲುವಿಗಿಂತ ಮುಖ್ಯವಾಗಿ ಕಾಣುತ್ತವೆ. ಒಂದೇ ಎದುರಾಳಿಯನ್ನು ಇಪ್ಪತ್ತು ತಿಂಗಳಲ್ಲಿ ಐದು ಸಲ ಎದುರಿಸಿದ್ದರಿಂದ ಅವರ ಓಟ, ಅವರ ಪಾಸು, ಅವರ ದೌರ್ಬಲ್ಯ ಎಲ್ಲ ಗೊತ್ತಾಯಿತು. 1969ರ ಮೈಸೂರು ತಂಡಕ್ಕೆ ಈ ಅವಕಾಶ ಸಿಗಲಿಲ್ಲ. ಟೋಯೊ ಕೋಗ್ಯೊ ಒಮ್ಮೆ ಬೆಂಗಳೂರಿಗೆ ಬಂದು ಆಡಿದ್ದರೆ, ಜಪಾನಿನ ಫುಟ್ಬಾಲ್ ಏರಿದ ದಾರಿಯಲ್ಲಿ ನಮ್ಮವರೂ ನಾಲ್ಕು ಹೆಜ್ಜೆ ಇಡುತ್ತಿದ್ದರೋ ಏನೋ ಎಂದು ಯೋಚಿಸುವಾಗ ಸಂಕಟವಾಗುತ್ತದೆ.

2017ರಿಂದ ಎಎಫ್‌ಸಿ ಕಪ್ಪಿನಲ್ಲಿ ದಕ್ಷಿಣ ಏಷ್ಯಾಕ್ಕೇ ಒಂದು ವಲಯ ಆಯಿತು. ಢಾಕಾದ ಅಬಾಹನಿ, ಮಾಲ್ಡೀವ್ಸ್‌ನ ಮಜಿಯಾ, ನ್ಯೂ ರೇಡಿಯಂಟ್ ಕಂಠೀರವಕ್ಕೆ ಬಂದವು. ಭೂತಾನದ ಟ್ರಾನ್ಸ್‌ಪೋರ್ಟ್ ಯುನೈಟೆಡ್ 2018ರಲ್ಲಿ ಥಿಂಪುವಿನ ಎತ್ತರದಲ್ಲಿ ಬೆಂಗಳೂರನ್ನು ಗೋಲಿಲ್ಲದ ಡ್ರಾಕ್ಕೆ ನಿಲ್ಲಿಸಿತು, ಇಲ್ಲಿಗೆ ಬಂದು 0–3ರಿಂದ ಸೋತಿತು. 2020ರಲ್ಲಿ ಪಾರೊ ಎಫ್‌ಸಿ ತನ್ನೂರಿನಲ್ಲಿ ಒಂದೇ ಗೋಲಿನಿಂದ ಸೋತು, ಬೆಂಗಳೂರಿನಲ್ಲಿ 1–9ರಿಂದ ಸೋತಿತು. ಒಂಬತ್ತು ಗೋಲು ತಿಂದವರನ್ನು ನೋಡಿ ನಗುವುದು ಸುಲಭ. ನಾಲ್ಕು ವರ್ಷದ ಮೇಲೆ, 2024ರಲ್ಲಿ, ಏಷ್ಯಾದ ಚಾಲೆಂಜ್ ಲೀಗಿನ ಗುಂಪಿನ ಪಂದ್ಯಗಳು ಥಿಂಪುವಿನಲ್ಲೇ ನಡೆದಾಗ ಅದೇ ಪಾರೊ ಕಲ್ಕತ್ತದ ಈಸ್ಟ್ ಬೆಂಗಾಲ್ ಜೊತೆ 2–2ರ ಸಮ ಮಾಡಿತು. ನೆರೆಯ ದೊಡ್ಡವರ ಮೈದಾನಕ್ಕೆ ಹೋಗಿ ಬಂದ ಸಣ್ಣ ದೇಶದ ಕ್ಲಬ್ ಹೀಗೆ ಬೆಳೆಯುತ್ತದೆ. ಭಾರತದ ಸಂಸ್ಥೆಗಳು ಢಾಕಾ, ಕಾಠ್ಮಂಡು, ಕೊಲಂಬೊ, ಮಾಲೆ, ಥಿಂಪುಗಳ ಜೊತೆ ವರ್ಷವೂ ತಪ್ಪದ ಒಂದು ಕ್ಲಬ್ ಕಪ್ಪನ್ನು ಕಟ್ಟಬೇಕು. ಸೋಲು ಗೆಲುವು ಆಮೇಲೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯದಾಗಿ ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಬರುತ್ತೇನೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮತ್ತೆ ತಂದಿತು. ಮುಂದಿನ ತಂಡದಲ್ಲಿ ಕುಮುದ್ವತಿ, ದಂಡಾವತಿ ದಡದ ಒಬ್ಬ ಹುಡುಗ ಇರಬಾರದೇಕೆ? ಹುಡುಗಿಯರ ರಾಜ್ಯ ತಂಡದಲ್ಲಿ ಇಲ್ಲಿನ ಹುಡುಗಿ ಇರಬಾರದೇಕೆ? ಕಬಡ್ಡಿಯಲ್ಲಿ, ಖೋಖೋದಲ್ಲಿ, ವಾಲಿಬಾಲಿನಲ್ಲಿ ಬೆವರು ಸುರಿಸುವ ಮಕ್ಕಳಿಗೆ ಕಾಲಿನ ಬಲ ಕಡಿಮೆ ಇಲ್ಲ. ಕಡಿಮೆ ಇರುವುದು ಎದುರಾಳಿ.

ಆದ್ದರಿಂದ ಒಂದು ಸಲಹೆಯನ್ನು ಸಭೆಯ ಮುಂದೆ ಇಡುತ್ತೇನೆ. ಶಿಕಾರಿಪುರ, ಸೊರಬ, ಹಿರೇಕೆರೂರು, ಹಾನಗಲ್: ಎರಡು ಜಿಲ್ಲೆಯ ನಾಲ್ಕು ತಾಲ್ಲೂಕು, ನಾಲ್ಕು ತಂಡ. ಪ್ರತಿಯೊಂದು ತಂಡ ಉಳಿದ ಮೂರರ ಜೊತೆ ಎರಡೆರಡು ಸಲ ಆಡಲಿ, ಒಂದು ಅವರೂರಲ್ಲಿ, ಒಂದು ನಮ್ಮೂರಲ್ಲಿ. ಒಟ್ಟು ಹನ್ನೆರಡು ಪಂದ್ಯ. ಹುಡುಗಿಯರಿಗೂ ಅಷ್ಟೇ. ಭತ್ತದ ಕೊಯ್ಲು ಮುಗಿದ ಮೇಲೆ, ಪರೀಕ್ಷೆಗೆ ಮೊದಲು, ಭಾನುವಾರಗಳಂದು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ದೂರ. ಹೋದ ಮಕ್ಕಳಿಗೆ ಊಟ ಆ ಊರಿನವರದು. ರೆಫರಿ ಮಾತ್ರ ಆಡದ ತಾಲ್ಲೂಕಿನವರೇ ಆಗಿರಲಿ, ಮೈಸ್ಲ್ ಅವರ ನಿಯಮದಂತೆ. ಜಗಳವಾದರೆ ಆ ಪಂದ್ಯ ನಿಲ್ಲಿಸಿ, ಆದರೆ ಮುಂದಿನ ವರ್ಷದ ಪಟ್ಟಿಯಿಂದ ಯಾರನ್ನೂ ತೆಗೆಯಬೇಡಿ.

ಮತ್ತು ಮೊದಲ ದಿನದಿಂದಲೇ ಒಂದು ದಪ್ಪ ನೋಟುಪುಸ್ತಕ ಇಡಿ. 1897ರ ವಿಯೆನ್ನಾದ ಫೈನಲ್‌ನಲ್ಲಿ ಯಾರು ಎಷ್ಟು ಗೋಲಿನಿಂದ ಗೆದ್ದರು ಎಂದು ಇವತ್ತಿಗೂ ಹೇಳಬಹುದಾಗಿರುವುದು ಅವತ್ತು ಯಾರೋ ಬರೆದಿಟ್ಟಿದ್ದರಿಂದ. ತೇದಿ, ಮೈದಾನ, ಎರಡೂ ತಂಡದ ಹನ್ನೊಂದು ಹನ್ನೊಂದು ಹೆಸರು, ಯಾವ ಶಾಲೆ ಯಾವ ಊರು, ಗೋಲು ಹೊಡೆದವರು ಯಾರು, ಎಷ್ಟನೆಯ ನಿಮಿಷ, ರೆಫರಿ ಯಾರು. ಬರೆಯುವ ಕೆಲಸವನ್ನು ಗಾಯಗೊಂಡು ಬೆಂಚಿನ ಮೇಲೆ ಕೂತ ಆಟಗಾರನಿಗೆ ಕೊಡಿ. ಪುಸ್ತಕ ಒಂದು ವರ್ಷ ಶಿಕಾರಿಪುರದಲ್ಲಿರಲಿ, ಮರುವರ್ಷ ಸೊರಬಕ್ಕೆ ಹೋಗಲಿ, ಆಮೇಲೆ ಹಾನಗಲ್ಲಿಗೆ, ಹಿರೇಕೆರೂರಿಗೆ. ಮೊದಲ ಪುಸ್ತಕದ ಖರ್ಚನ್ನೂ ಎರಡು ಚೆಂಡಿನ ಖರ್ಚನ್ನೂ ಈ ಉಪನ್ಯಾಸಕ್ಕೆ ಕೊಟ್ಟ ಗೌರವಧನದಿಂದ ತೆಗೆದುಕೊಳ್ಳಬೇಕೆಂದು ದತ್ತಿಯ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ.